ಸ್ವಲ್ಪ ನೀರು ಹಾಕಿದೆ, ಅಷ್ಟೆ

ಕುಂಡದ ಕೆಳಗಿನ ತಟ್ಟೆ ಇವತ್ತೂ ತುಂಬಿ ತುಳುಕುತ್ತಿದೆ. ಮೇಲೆ ಗುಲಾಬಿ ಗಿಡ ತಲೆ ತಗ್ಗಿಸಿಕೊಂಡು ನಿಂತಿದೆ. ಪಕ್ಕದಲ್ಲಿ ಖಾಲಿ ಮಗ್ಗು. ಹೆಣ, ಆಯುಧ, ಸಾಕ್ಷಿ ಎಲ್ಲವೂ ಒಂದೇ ಕಡೆ ಸಿಕ್ಕಿದರೂ ಕೇಸು ಮಾತ್ರ ನಿಲ್ಲುವುದಿಲ್ಲ. ಯಾಕೆಂದರೆ ಆರೋಪಿ ಕೇಳುವುದಕ್ಕೆ ಮುಂಚೆಯೇ ಒಪ್ಪಿಕೊಂಡುಬಿಡುತ್ತಾರೆ, ಅದೂ ಎದೆಯುಬ್ಬಿಸಿ: “ಪಾಪ, ಬಾಡಿತ್ತು. ಸ್ವಲ್ಪ ನೀರು ಹಾಕಿದೆ, ಅಷ್ಟೆ.”

ಕುಂಡ ಇಟ್ಟ ಮನೆಗೆಲ್ಲ ಇಂಥವರೊಬ್ಬರು ಇದ್ದೇ ಇರುತ್ತಾರೆ. ಇವರಿಗೆ ಜಲದಾನಿ ಅನ್ನೋಣ.

“ಬಾಡಿತ್ತು” ಅನ್ನುವ ಆ ಒಂದು ಮಾತಿನಲ್ಲೇ ಎಲ್ಲ ಅನಾಹುತ ಅಡಗಿದೆ. ಬೇರಿಗೆ ನೀರು ಎಷ್ಟು ಬೇಕೋ ಗಾಳಿಯೂ ಅಷ್ಟೇ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇರುತ್ತದೆ. ಸದಾ ನೀರು ನಿಂತರೆ ಆ ಸಂದುಗಳೆಲ್ಲ ಮುಚ್ಚಿಹೋಗಿ ಬೇರು ಉಸಿರುಗಟ್ಟುತ್ತದೆ. ಉಸಿರುಗಟ್ಟಿದ ಬೇರು ಕೊಳೆಯುತ್ತದೆ. ಕೊಳೆತ ಬೇರಿಗೆ ನೀರು ಹೀರುವ ತಾಕತ್ತು ಇರುವುದಿಲ್ಲ. ಹಾಗಾಗಿ ಕಂಠಮಟ್ಟ ನೀರಿನಲ್ಲಿ ನಿಂತ ಗಿಡವೂ ಬಾಯಾರಿದ ಗಿಡದ ಹಾಗೇ ಎಲೆ ಜೋತುಹಾಕುತ್ತದೆ. ಜಲದಾನಿ ಅದನ್ನು ನೋಡುತ್ತಾರೆ, ಮರುಗುತ್ತಾರೆ, ಇನ್ನೊಂದು ಮಗ್ಗು ಸುರಿಯುತ್ತಾರೆ. ಮುಳುಗುತ್ತಿರುವವನು ಕೈಯಾಡಿಸಿದ್ದನ್ನು ಕಂಡು, ಪಾಪ ನೀರು ಕೇಳುತ್ತಿದ್ದಾನೆ ಅಂದುಕೊಂಡ ಹಾಗೆ.

ಜಲದಾನಿಗೆ ಹೊತ್ತುಗೊತ್ತು ಇಲ್ಲ. ಬೆಳಿಗ್ಗೆ ಎದ್ದ ತಕ್ಷಣ ಒಂದು ಸುತ್ತು. ಕುಡಿದು ಲೋಟದಲ್ಲಿ ಉಳಿದ ನೀರು ಹತ್ತಿರದ ಕುಂಡಕ್ಕೆ. ರಾತ್ರಿ ಹಾಸಿಗೆ ಪಕ್ಕ ಇಟ್ಟಿದ್ದ ಬಾಟಲಿಯ ತಳದ ನೀರು ಇನ್ನೊಂದಕ್ಕೆ. ಕೈ ತೊಳೆಯುವುದೂ ಕುಂಡದ ಮೇಲೇ, “ನೀರು ಯಾಕೆ ದಂಡ ಮಾಡೋದು?” ಎನ್ನುತ್ತಾ. ಫೋನಿನಲ್ಲಿ ಮಾತಾಡುತ್ತಾ ಅಡ್ಡಾಡುವಾಗ ಇನ್ನೊಂದು ಕೈ ಸುಮ್ಮನಿರುವುದಿಲ್ಲ. ಸಂಭಾಷಣೆ ಉದ್ದವಾದಷ್ಟೂ ಗಿಡದ ಆಯುಷ್ಯ ಗಿಡ್ಡವಾಗುತ್ತದೆ. ಮಳೆ ಸುರಿಯುತ್ತಿರುವಾಗ ಕೊಡೆ ಹಿಡಿದು ಹೋಗಿ ನೀರು ಹಾಕಿದವರೂ ಉಂಟು. ಕೇಳಿದರೆ, “ಮಳೆ ನೀರು ಬೇರೆ, ನಾವು ಹಾಕೋ ನೀರು ಬೇರೆ” ಎಂಬ ಉತ್ತರ. ಇದಕ್ಕೆ ಏನು ಹೇಳುವುದು? ಕಹಿ ಸತ್ಯವೇನೆಂದರೆ, ಅಪರೂಪಕ್ಕೊಮ್ಮೆ ಅವರು ಹೇಳುವುದೂ ಸರಿಯಾಗಿರುತ್ತದೆ. ದಟ್ಟ ಎಲೆಯ ಗಿಡ ತನಗೆ ತಾನೇ ಕೊಡೆ ಹಿಡಿಯುತ್ತದೆ. ಎಲೆಗಳ ಮೇಲೆ ಬಿದ್ದ ನೀರು ಕುಂಡದ ಅಂಚಿನಾಚೆ ಸುರಿದುಹೋಗಿ, ಅರ್ಧ ದಿನ ಮಳೆ ಬಂದರೂ ಒಳಗಿನ ಮಣ್ಣು ಒಣಗಿಯೇ ಇರಬಹುದು. ಸೂರಿನ ಕೆಳಗಿಟ್ಟ ಕುಂಡದ ಕಥೆಯೂ ಅದೇ. ಈ ವಿಷಯ ದಯವಿಟ್ಟು ಅವರ ಕಿವಿಗೆ ಹಾಕಬೇಡಿ.

ಹಾಗಾದರೆ ಗೊತ್ತಾಗುವುದು ಹೇಗೆ? ಬೆರಳಿಟ್ಟು. ಮಣ್ಣಿನೊಳಗೆ ಎರಡು-ಮೂರು ಸೆಂಟಿಮೀಟರ್ ಬೆರಳು ತೂರಿಸಿ ನೋಡಿ. ಅಲ್ಲಿ ತೇವ ಇದ್ದರೆ ಮಗ್ಗು ಕೆಳಗಿಡಿ. ಮೇಲ್ಮಣ್ಣು ಒಣಗಿ ಬಿಳಚಿಕೊಂಡಿದ್ದನ್ನು ನಂಬಲೇಬಾರದು, ಅದು ಮಹಾ ಸುಳ್ಳುಗಾರ. ಚಿಕ್ಕ ಕುಂಡವಾದರೆ ಎತ್ತಿ ನೋಡುವುದು ಇನ್ನೂ ಸುಲಭ: ನೀರು ಹಾಕಿದ ಕೂಡಲೇ ಒಮ್ಮೆ ಎತ್ತಿ, ಎರಡು ದಿನ ಬಿಟ್ಟು ಮತ್ತೊಮ್ಮೆ ಎತ್ತಿ. ಕೈಗೆ ಲೆಕ್ಕ ತಾನಾಗಿ ಸಿಗುತ್ತದೆ. ಹಾಕಬೇಕಾದಾಗ ಮಾತ್ರ ಜಿಪುಣತನ ಬೇಡ. ತಳದ ತೂತಿನಿಂದ ಹೊರಬರುವವರೆಗೂ ಹಾಕಿ, ಅರ್ಧ ಗಂಟೆ ಬಿಟ್ಟು ತಟ್ಟೆಯನ್ನು ಬಗ್ಗಿಸಿ ಚೆಲ್ಲಿ. ದಿನಾ ಒಂದೊಂದು ಗುಟುಕು ಕೊಟ್ಟರೆ ಮೇಲಿನ ಮಣ್ಣಷ್ಟೇ ನೆನೆಯುತ್ತದೆ, ಬೇರು ಕೆಳಗಿಳಿಯುವುದಿಲ್ಲ.

ಚೆಲ್ಲದೆ ಬಿಟ್ಟ ತಟ್ಟೆ ಇನ್ನೊಂದು ಸಂಸಾರಕ್ಕೂ ಜಾಗ ಕೊಡುತ್ತದೆ. ಬೆಚ್ಚಗಿನ ದಿನಗಳಲ್ಲಿ ಸೊಳ್ಳೆ ಮೊಟ್ಟೆಯೊಡೆದು, ಮರಿಯಾಗಿ, ರೆಕ್ಕೆ ಬಿಚ್ಚಿ ಹಾರಲು ಏಳರಿಂದ ಹತ್ತು ದಿನ ಸಾಕು. ಜಲದಾನಿಯ ಕೃಪೆಯಿಂದ ಮನೆಯಲ್ಲಿ ಹೂವಿಗಿಂತ ಮುಂಚೆ ಅರಳುವುದು ಇವೇ.

ಮಧ್ಯಾಹ್ನದ ಬಾಡುವಿಕೆಯೊಂದು ದೊಡ್ಡ ಬಲೆ. ಹೈಡ್ರೇಂಜಿಯದಂಥ ಅಗಲ ಎಲೆಯ ಗಿಡಗಳು, ಮಣ್ಣು ಒದ್ದೆ ಇದ್ದರೂ ಉರಿಬಿಸಿಲಿಗೆ ಸೋತು ಜೋಲುತ್ತವೆ. ಎಲೆಯಿಂದ ಆವಿಯಾಗುವ ವೇಗಕ್ಕೆ ಬೇರು ನೀರು ಮೇಲೇರಿಸಲು ಆಗುವುದಿಲ್ಲ, ಅಷ್ಟೆ. ಸಂಜೆಗೆ ತಾವಾಗಿ ಎದ್ದು ನಿಲ್ಲುತ್ತವೆ. ಜಲದಾನಿ ಮಧ್ಯಾಹ್ನ ಎರಡಕ್ಕೆ ನೀರು ಸುರಿದು, ಸಂಜೆ ಆರಕ್ಕೆ ಎದ್ದ ಗಿಡ ತೋರಿಸಿ, “ನೋಡಿದ್ಯಾ? ನಾನಿಲ್ಲದಿದ್ರೆ ಇದರ ಗತಿ?” ಎನ್ನುತ್ತಾರೆ. ಎಲೆಯನ್ನು ವಿಚಾರಿಸಬೇಕಾದದ್ದು ಮುಂಜಾನೆ. ರಾತ್ರಿಯೆಲ್ಲ ವಿಶ್ರಾಂತಿ ಸಿಕ್ಕಿಯೂ ಬಾಡಿಯೇ ಇದ್ದರೆ ಬೆರಳಿಟ್ಟು ನೋಡಿ: ಮಣ್ಣು ಒಣಗಿದ್ದರೆ ಬಾಯಾರಿಕೆ, ಒದ್ದೆಯಾಗಿದ್ದರೆ ಬೇರು ಕೊಳೆ.

ಕೊಳೆ ಅಂತ ಅನುಮಾನ ಬಂದರೆ ಗಿಡವನ್ನು ಕುಂಡದಿಂದ ಹೊರತೆಗೆಯಲೇಬೇಕು. ಆರೋಗ್ಯವಾದ ಬೇರು ಸಾಮಾನ್ಯವಾಗಿ ತಿಳಿಬಣ್ಣದ್ದು, ಗಟ್ಟಿ. ಕೊಳೆತದ್ದು ಕಂದು, ಮೆತ್ತಗೆ, ಮೂಗು ಮುಚ್ಚುವಂಥ ವಾಸನೆ. ಎರಡು ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಕಳಚಿ ಒಳಗಿನ ದಾರ ಮಾತ್ರ ಉಳಿಯುತ್ತದೆ. ಅವನ್ನೆಲ್ಲ ಕತ್ತರಿಸಿ, ಉಳಿದ ಬೇರಿಗೆ ಹಿಡಿಯುವಷ್ಟೇ ಚಿಕ್ಕ ಕುಂಡದಲ್ಲಿ ಹೊಸ ಮಣ್ಣು ತುಂಬಿ ನೆಡಿ. ಬೇರು ಕಳೆದುಕೊಂಡ ಪ್ರಮಾಣಕ್ಕೆ ತಕ್ಕಂತೆ ಮೇಲಿನ ರೆಂಬೆಗಳನ್ನೂ ಸವರಿ, ನೆರಳಿನಲ್ಲಿಡಿ. ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಬೇಡ. ಮಗ್ಗನ್ನು ಬಚ್ಚಿಡಿ.

ಬುದ್ಧಿ ಹೇಳುವವರಿಗೇನೂ ಬರವಿಲ್ಲ. “ತಳಕ್ಕೆ ಒಂದು ಪದರ ಜಲ್ಲಿ ಹಾಕಿ, ನೀರು ಚೆನ್ನಾಗಿ ಇಳಿಯುತ್ತೆ” ಅನ್ನುವುದು ಎಲ್ಲರಿಗೂ ಬಾಯಿಪಾಠ. ಆಗುವುದು ತಿರುಗಾಮುರುಗಾ. ಸಣ್ಣ ಕಣದ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭಕ್ಕೆ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ತೊಯ್ದು ತೊಪ್ಪೆಯಾದ ಮೇಲಷ್ಟೇ ತೊಟ್ಟಿಕ್ಕುತ್ತದೆ. ತಳದಲ್ಲಿ ಇರಬೇಕಾಗಿದ್ದ ಒದ್ದೆ ಪದರ ಜಲ್ಲಿಯ ಮೇಲೇರಿ ಬೇರಿನ ಬುಡಕ್ಕೇ ಬಂದು ಕೂರುತ್ತದೆ, ಬೇರಿಗೆ ಇದ್ದ ಜಾಗವೂ ಹೋಯಿತು. ತೂತಿನ ಮೇಲೆ ಒಂದು ತುಂಡು ಬಲೆ ಸಾಕು, ಮಣ್ಣು ಸೋರದ ಹಾಗೆ. ನೀರು ಇಳಿಯುವ ಗುಣ ಮಣ್ಣಿನಲ್ಲಿಯೇ ಇರಬೇಕು: ಒಂದು ಪಾಲು ತೋಟದ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕಾಂಪೋಸ್ಟ್, ಒಂದು ಪಾಲು ದಪ್ಪ ಮರಳು ಅಥವಾ ಪರ್ಲೈಟ್ ಎಂಬ ಹಗುರ ಬಿಳಿ ಹರಳು. ಬರೀ ತೋಟದ ಮಣ್ಣು ತುಂಬಿದರೆ ಕೆಲವೇ ತಿಂಗಳಲ್ಲಿ ಕುಂಡದೊಳಗೆ ಇಟ್ಟಿಗೆ ತಯಾರು. ಕುಂಡ ಬದಲಿಸುವಾಗ ಹಳೆಯದಕ್ಕಿಂತ ಮೂರರಿಂದ ಐದು ಸೆಂಟಿಮೀಟರ್ ಅಗಲ ಹೆಚ್ಚಿದ್ದರೆ ಸಾಕು. ಬೆಳೆಯುವ ಮಗು ಅಂತ ಅಪ್ಪನ ಅಂಗಿ ತೊಡಿಸಿದರೆ, ಬೇರು ತಲುಪದ ಮಣ್ಣಿನಲ್ಲೆಲ್ಲ ನೀರು ಉಳಿದು ಮತ್ತದೇ ಕೊಳೆ.

ಕಾಲಕ್ಕೆ ತಕ್ಕ ಲೆಕ್ಕವೂ ಇದೆ. ಉರಿಬೇಸಿಗೆಯಲ್ಲಿ, ಇಡೀ ದಿನ ಬಿಸಿಲು ಬೀಳುವ ಕಡೆ ಹದಿನೈದು ಸೆಂಟಿಮೀಟರಿನ ಪುಟ್ಟ ಕುಂಡಕ್ಕೆ ದಿನಕ್ಕೆರಡು ಸಲವೂ ನೀರು ಬೇಕಾಗಬಹುದು. ಮಣ್ಣಿನ ಕುಂಡ ತನ್ನ ಗೋಡೆಯಿಂದಲೂ ನೀರು ಆರಿಸಿಕೊಳ್ಳುವುದರಿಂದ ಪ್ಲಾಸ್ಟಿಕ್ಕಿಗಿಂತ ಬೇಗ ಒಣಗುತ್ತದೆ. ಮೇಲೆ ಐದು ಸೆಂಟಿಮೀಟರ್ ಒಣ ಎಲೆ ಹೊದಿಸಿ, ಕಾಂಡಕ್ಕೆ ತಾಗದ ಹಾಗೆ. ಚಳಿಗಾಲದಲ್ಲಿ ಬೆಳವಣಿಗೆ ನಿಧಾನ, ಬಾಯಾರಿಕೆಯೂ ಕಡಿಮೆ. ಮಗ್ಗು ಮಾತ್ರ ಬೇಸಿಗೆಯ ವೇಳಾಪಟ್ಟಿಯಲ್ಲೇ ಓಡುತ್ತಿರುತ್ತದೆ. ಪೀಟ್, ಅಂದರೆ ಜೌಗಿನಲ್ಲಿ ಅರೆಕೊಳೆತ ಪಾಚಿಯ ಪುಡಿ, ಹೆಚ್ಚಿರುವ ಮಣ್ಣು ಒಮ್ಮೆ ಪೂರ್ತಿ ಒಣಗಿತೆಂದರೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಹಾಕಿದ್ದೆಲ್ಲ ಕುಂಡದ ಗೋಡೆಗುಂಟ ಜಾರಿ ತಳದಲ್ಲಿ ಬರುತ್ತದೆ, ನಾವು ನೆನೆಯಿತು ಅಂದುಕೊಳ್ಳುತ್ತೇವೆ. ಅಂಥ ಕುಂಡವನ್ನು ಬಕೆಟ್ ನೀರಿನಲ್ಲಿ ಗುಳ್ಳೆ ಬರುವುದು ನಿಲ್ಲುವವರೆಗೆ ಕೂರಿಸಿ ತೆಗೆಯಬೇಕು.

ಜಲದಾನಿಯ ಪಾಲಿಗೆ ಅತಿದೊಡ್ಡ ಅವಮಾನವೆಂದರೆ ಕಾಗದದ ಹೂವಿನ ಗಿಡ. ಇವರು ಹಾಕಿದಷ್ಟೂ ಕುಡಿದು, ಹಸಿರು ಹಸಿರಾಗಿ, ಮುಳ್ಳು ಮುಳ್ಳಾಗಿ ಬೆಳೆಯುತ್ತದೆ, ಒಂದು ಬಣ್ಣ ಕಾಣಿಸುವುದಿಲ್ಲ. ಯಾರೂ ತಿರುಗಿ ನೋಡದ ಗೋಡೆಯ ಮೇಲಿನ ಗಿಡ ಮಾತ್ರ ಮೈತುಂಬ ಗುಲಾಬಿ ಬಣ್ಣ ಹೊತ್ತಿರುತ್ತದೆ. ಈ ಗಿಡಕ್ಕೆ ಬಿಸಿಲು ಬೇಕು, ಬೇರಿಗೆ ಇಕ್ಕಟ್ಟು ಬೇಕು, ಒಂದು ನೀರಿಗೂ ಇನ್ನೊಂದು ನೀರಿಗೂ ನಡುವೆ ಒಳ್ಳೇ ಉಪವಾಸ ಬೇಕು. ಆ ಬಣ್ಣದ ಕಾಗದಗಳೂ ಹೂವಿನ ಎಸಳಲ್ಲ, ಬಣ್ಣ ತಿರುಗಿದ ಎಲೆಗಳು. ನಡುವೆ ಇಣುಕುವ ಸಣ್ಣ ಬಿಳಿ ಕೊಳವೆಯೇ ಹೂವು. ಜಲದಾನಿಯ ಪ್ರಕಾರ ಇವೆಲ್ಲ ನರ್ಸರಿಯವರು ಕೆಟ್ಟ ಗಿಡ ಕೊಟ್ಟದ್ದರ ಲಕ್ಷಣ.

ಇದೇ ಪ್ರೀತಿ ಗೊಬ್ಬರಕ್ಕೂ ಹರಿದರೆ ಮುಗಿಯಿತು. ಸಾರಜನಕ ಹೆಚ್ಚಾದರೆ ಎಲೆ ಸಮೃದ್ಧಿ, ಹೂವು ನಾಪತ್ತೆ. ಪೊಟ್ಟಣದ ಮೇಲೆ ಬರೆದ ಪ್ರಮಾಣದಲ್ಲಿ ಅರ್ಧ, ಎರಡು ವಾರಕ್ಕೊಮ್ಮೆ, ಅದೂ ಒದ್ದೆ ಮಣ್ಣಿಗೆ. ಒಣ ಮಣ್ಣಿಗೆ ಸುರಿದರೆ ಬೇರು ಸುಡುತ್ತದೆ. ಸೇವಂತಿಗೆಯನ್ನು ಕಾಡುವ ಪ್ರೀತಿಯೇ ಬೇರೆ. ರಾತ್ರಿ ಉದ್ದವಾಗಿ, ಕತ್ತಲು ಅಡ್ಡಿಯಿಲ್ಲದೆ ಸಿಕ್ಕರೆ ಮಾತ್ರ ಅದು ಮೊಗ್ಗು ಕಟ್ಟುತ್ತದೆ. ಚೆಂದ ಕಾಣಲೆಂದು ಅದರ ನೆತ್ತಿಗೆ ದೀಪ ಹಾಕಿ, ರಾತ್ರಿಯೆಲ್ಲ ಉರಿಸಿ, ಹೂ ಯಾಕೆ ಬರಲಿಲ್ಲ ಅಂತ ಕಾಯುವವರನ್ನು ಕಂಡರೆ ನಗಬೇಕೋ ಅಳಬೇಕೋ ತಿಳಿಯದು.

ಸಿಟ್ಟೆಲ್ಲ ಇಳಿದ ಮೇಲೆ ಒಂದು ಅನ್ನಿಸುತ್ತದೆ. ಮನೆಯಲ್ಲಿ ಜಲದಾನಿಯಾಗುವವರು ಹೆಚ್ಚಾಗಿ ಕೈಗೆ ಬೇರೆ ಕೆಲಸ ಉಳಿಯದವರು. ಅವರ ಮಾತಿಗೆ “ನಿಮಗೆ ಗೊತ್ತಾಗಲ್ಲ, ಬಿಡಿ” ಅನ್ನದೆ, ಕೊಟ್ಟದ್ದನ್ನು ತುಟಿಪಿಟಿಕ್ಕೆನ್ನದೆ ತೆಗೆದುಕೊಳ್ಳುವುದು ಈ ಕುಂಡ ಒಂದೇ. ಮಗ್ಗು ಕಸಿದುಕೊಂಡರೆ ಗಿಡ ಉಳಿಯುತ್ತದೆ, ಖರೆ. ಬೆಳಿಗ್ಗೆ ಅವರು ಎದ್ದು ಎಲ್ಲಿಗೆ ಹೋಗಬೇಕು?

ಆದ್ದರಿಂದ ಮಗ್ಗು ಕಸಿಯಬೇಡಿ, ಗಿಡ ಬದಲಿಸಿ. ಕಾಬಾಳೆ, ಅಂದರೆ ಕ್ಯಾನಾ, ಹೇಳಿ ಮಾಡಿಸಿದಂತಿದೆ. ಗಡ್ಡೆಯನ್ನು ಹತ್ತು ಸೆಂಟಿಮೀಟರ್ ಆಳದಲ್ಲಿ, ಕಣ್ಣು ಮೇಲಾಗಿಸಿ, ನಲವತ್ತು ಸೆಂಟಿಮೀಟರಾದರೂ ಅಗಲದ ಕುಂಡದಲ್ಲಿ ಬಿಸಿಲಿಗಿಡಿ. ಚಿಗುರು ಮೇಲೆದ್ದ ಮೇಲೆ ತಟ್ಟೆಯಲ್ಲಿ ನೀರು ನಿಂತರೂ ಕ್ಯಾರೇ ಅನ್ನುವುದಿಲ್ಲ. ವಾರಕ್ಕೊಮ್ಮೆ ತಟ್ಟೆ ಬಗ್ಗಿಸಿದರೆ ಸೊಳ್ಳೆಯ ಸಂಸಾರವೂ ಬೆಳೆಯದು. ಹೂ ಮುಗಿದ ಕಾಂಡವನ್ನು ಬುಡದವರೆಗೆ ಕತ್ತರಿಸುತ್ತಾ ಹೋದರೆ ಪಕ್ಕದಿಂದ ಹೊಸ ಕಾಂಡ ಬರುತ್ತಲೇ ಇರುತ್ತದೆ. “ಇದು ನಿಮ್ಮದು, ಬೇರೆ ಯಾರೂ ಮುಟ್ಟೋ ಹಾಗಿಲ್ಲ” ಅಂತ ಹೇಳಿ ಒಪ್ಪಿಸಿಬಿಡಿ.

ಉಪಾಯ ಫಲಿಸುತ್ತದೆ. ಮೊದಲ ದಿನ ಕಾಬಾಳೆಗೆ ನಾಲ್ಕು ಮಗ್ಗು. ಎರಡನೆಯ ದಿನ ಐದು. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಅದೇ ಮಗ್ಗು ಹಿಡಿದುಕೊಂಡು ಕಾಗದದ ಹೂವಿನ ಗಿಡದ ಮುಂದೆ ನಿಂತಿರುತ್ತಾರೆ.

“ನನ್ನದಕ್ಕೆ ಆಯ್ತು. ಪಾಪ, ಇದನ್ನ ಯಾರೂ ನೋಡ್ಕೊಳ್ಳೋ ಹಾಗೆ ಕಾಣಲ್ಲ.”