ವೇದಿಕೆ ಮೇಲೆ ಆಸೀನವಾಗಿರುವ ಸ್ಫೂರ್ತಿ

ನಾಡಗೀತೆಯನ್ನು ಎರಡೂವರೆ ನಿಮಿಷದೊಳಗೆ ಹಾಡಿ ಮುಗಿಸಬೇಕೆಂದು ಸರ್ಕಾರ 2022ರಲ್ಲಿ ಆದೇಶ ಹೊರಡಿಸಿತು. ಒಳ್ಳೇದೇ ಆಯಿತು. ಆದರೆ ನಾಡಗೀತೆ ಮುಗಿದ ಮೇಲೆ ಶುರುವಾಗುವುದಕ್ಕೆ ಅಂಥ ಆದೇಶ ಇನ್ನೂ ಬಂದಿಲ್ಲ.

ಪಿಯು ಪರೀಕ್ಷೆ ಹತ್ತಿರ ಬಂತೆಂದರೆ ಮಂಡ್ಯ ಸೀಮೆಯ ಕಾಲೇಜುಗಳಲ್ಲಿ ಮಕ್ಕಳಿಗೆ ಸ್ಫೂರ್ತಿ ತುಂಬುವ ಸುಗ್ಗಿ. ಲಾರಿಗೆ ಕಬ್ಬು ತುಂಬಿದ ಹಾಗೆ, ಹಗ್ಗ ಬಿಗಿದು ತುಂಬುತ್ತಾರೆ. ಆಮಂತ್ರಣದಲ್ಲಿ ಹತ್ತು ಗಂಟೆ ಎಂದಿರುತ್ತದೆ. ಹಾಜರಿ ಬೇಕಲ್ಲ, ಮಕ್ಕಳು ಒಂಬತ್ತೂವರೆಗೇ ಶಾಮಿಯಾನದಡಿ ಹಾಜರ್. ಉದ್ಘಾಟಕರು ಬರುವುದು ಹನ್ನೊಂದೂ ಮುಕ್ಕಾಲಿಗೆ. ದೀಪದ ಕಂಬದ ಪಕ್ಕದಲ್ಲೇ ಗಣ್ಯರಿಗೆಂದು ಪೆಡಸ್ಟಲ್ ಫ್ಯಾನ್ ತಿರುಗುತ್ತಿರುತ್ತದೆ, ಹಾಗಾಗಿ ಐದು ಬತ್ತಿಗೆ ಅರ್ಧ ಬೆಂಕಿಪೊಟ್ಟಣ ಖರ್ಚು. ಸ್ವಾಗತ, ಪ್ರಾಸ್ತಾವಿಕ ನುಡಿ, ಹಾರ, ಶಾಲು, ಮೈಸೂರು ಪೇಟ ಎಲ್ಲ ಮುಗಿದು ಪ್ರಧಾನ ಭಾಷಣಕಾರರ ಕೈಗೆ ಮೈಕ್ ಸಿಗುವಾಗ ಒಂದು ಗಂಟೆ. ಹಿಂದುಗಡೆ ಪಲಾವಿನ ಮುಚ್ಚಳ ತೆಗೆದಿರುತ್ತಾರೆ. ಆ ವಾಸನೆಯನ್ನು ಗೆಲ್ಲುವ ಮಾತು ಯಾವ ಭಾಷೆಯಲ್ಲೂ ಇಲ್ಲ.

ಈಗ ಲೆಕ್ಕ ಹಾಕಿ. ವೇದಿಕೆ ಮೇಲೆ ಹದಿನಾಲ್ಕು ಜನ. ಒಬ್ಬೊಬ್ಬರಿಗೂ ‘ಮಾನ್ಯರೂ, ಕೊಡುಗೈ ದಾನಿಗಳೂ, ನಮ್ಮೆಲ್ಲರ ಮಾರ್ಗದರ್ಶಕರೂ ಆದ’ ಅಂತ ಇಪ್ಪತ್ತು ಪದ. ಒಟ್ಟು 280. ಅಬ್ರಹಾಂ ಲಿಂಕನ್ 1863ರಲ್ಲಿ ಗೆಟಿಸ್‌ಬರ್ಗ್‌ನಲ್ಲಿ ಆಡಿದ್ದು ಸುಮಾರು 270 ಪದ, ಎರಡು-ಮೂರು ನಿಮಿಷ. ಅವರಿಗಿಂತ ಮೊದಲು ಎಡ್ವರ್ಡ್ ಎವರೆಟ್ ಎಂಬ ಹೆಸರಾಂತ ವಾಗ್ಮಿ ಎರಡು ಗಂಟೆ ಮಾತಾಡಿದ್ದರು. ಜನ ಯಾವುದನ್ನು ನೆನಪಿಟ್ಟುಕೊಂಡರೆಂದು ಗೊತ್ತೇ ಇದೆ. ನಮ್ಮಲ್ಲಾದರೆ ಲಿಂಕನ್ನರ ಪದಗಳೆಲ್ಲ ಸಂಬೋಧನೆಗೇ ಖರ್ಚಾಗಿ, ತಾಲ್ಲೂಕು ಘಟಕದ ಕಾರ್ಯದರ್ಶಿಯ ಹೆಸರು ಬಿಟ್ಟುಹೋಗಿ, ಅವರು ಮುನಿಸಿಕೊಂಡು ಎದ್ದು ಹೋಗಿರುತ್ತಿದ್ದರು.

ಮೈಕಿನದು ಇನ್ನೊಂದು ಕಥೆ. ಮೈಕ್ ಬಾಯಿಂದ ನಾಲ್ಕು ಬೆರಳು ದೂರ, ಗದ್ದದ ಮಟ್ಟದಲ್ಲಿರಬೇಕು. ಬಾಕ್ಸುಗಳು ಮಾತಾಡುವವರಿಗಿಂತ ಮುಂದೆ, ಜನರ ಕಡೆ ಮುಖ ಮಾಡಿರಬೇಕು. ಬಾಕ್ಸಿನ ಸದ್ದು ತಿರುಗಿ ಮೈಕಿಗೆ ನುಗ್ಗಿ, ಅಲ್ಲಿಂದ ಮತ್ತೆ ಬಾಕ್ಸಿಗೇ ಬಂದು ಸುತ್ತತೊಡಗಿದರೆ ‘ಕುಂಯ್’ ಅನ್ನುತ್ತದೆ, ಅಷ್ಟೇ. ಆದರೆ ಸ್ಫೂರ್ತಿವಂತರಿಗೆ ಸ್ಟ್ಯಾಂಡಿನಲ್ಲಿ ನಿಂತು ಮಾತಾಡಿ ಗೊತ್ತಿಲ್ಲ. ಮೈಕ್ ಕಿತ್ತುಕೊಂಡು ಕೆಳಗಿಳಿದು ಬಾಕ್ಸಿನ ಎದುರಿಗೇ ನಿಲ್ಲುತ್ತಾರೆ. ಬೈಗುಳ ಮಾತ್ರ ಮೈಕ್‌ಸೆಟ್ ಹುಡುಗನಿಗೆ.

ಆಮೇಲೆ ಹದ್ದು ಬರುತ್ತದೆ. ನಲವತ್ತು ವರ್ಷವಾದ ಹದ್ದು ಬೆಟ್ಟ ಹತ್ತಿ, ಕೊಕ್ಕನ್ನು ಬಂಡೆಗೆ ಕುಟ್ಟಿ ಉದುರಿಸಿಕೊಂಡು, ಹೊಸದು ಬರುವ ತನಕ 150 ದಿನ ಕಾದು, ಇನ್ನೂ ಮೂವತ್ತು ವರ್ಷ ಬದುಕುತ್ತದಂತೆ. ಕೊಕ್ಕು ಕಳೆದುಕೊಂಡ ಹದ್ದು ಉಪವಾಸ ಬಿದ್ದು ಸಾಯುತ್ತದೆ ಅಂತ ಗೊತ್ತಿರುವ ಬಯಾಲಜಿ ಮೇಷ್ಟ್ರು ಅದೇ ವೇದಿಕೆಯಲ್ಲಿ ನೆಲ ನೋಡುತ್ತ ಕೂತಿರುತ್ತಾರೆ. ಹದ್ದಿನ ಹಿಂದೆಯೇ ಗಣಿತದಲ್ಲಿ ಫೇಲಾದ ಐನ್‌ಸ್ಟೈನ್. ಆ ಮಹಾನುಭಾವ ಹದಿನೈದು ತುಂಬುವ ಮೊದಲೇ ಕ್ಯಾಲ್ಕುಲಸ್ ಕಲಿತಿದ್ದ. ಫೇಲಾಗಿದ್ದು ಯಾವಾಗ?

ಅಷ್ಟು ದೂರ ಹಾರುವ ಅಗತ್ಯವೇ ಇರಲಿಲ್ಲ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಗೋಡೆ ಎದ್ದದ್ದು ಸಿಮೆಂಟಿನಿಂದಲ್ಲ, ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಿಂದ. ಮುಂದೆ ಕೂತ ಹುಡುಗನ ಅಪ್ಪ ರಾತ್ರಿ ಟಾರ್ಚ್ ಹಿಡಿದು ಗದ್ದೆಗೆ ತಿರುಗಿಸುವುದು ಆ ಕಟ್ಟೆಯ ನಾಲೆ ನೀರನ್ನೇ. ಕಟ್ಟೆ ಕಂಡ ಕಣ್ಣಿಗೆ ಗಾರೆಯ ಸಂಗತಿ ಹೊಸದು. ಕಿವಿ ನೆಟ್ಟಗಾಗುವುದು ಅಲ್ಲಿ, ಗೊತ್ತಿದ್ದುದರ ಒಳಗೆ ಗೊತ್ತಿಲ್ಲದ್ದು ಸಿಕ್ಕಾಗ. ಇಂಥ ಒಂದೇ ಉದಾಹರಣೆ, ಒಂದೇ ವಿಚಾರ, ನಿಮಿಷಕ್ಕೆ 120 ಪದದಂತೆ ಹದಿನೈದು ನಿಮಿಷ. ಪ್ರಶ್ನೆ ಕೇಳಿದರೆ ಮೂರು ಎಣಿಸುವಷ್ಟು ಹೊತ್ತು ಸುಮ್ಮನಿರಬೇಕು, ಉತ್ತರ ಮಕ್ಕಳ ತಲೆಯಲ್ಲಿ ಹುಟ್ಟಲು ಅಷ್ಟಾದರೂ ಬೇಕು. ನಮ್ಮಲ್ಲಿ ಮೂರು ಎಣಿಸಿದರೆ ನಿರೂಪಕಿ ‘ಜೋರಾದ ಚಪ್ಪಾಳೆ’ ಅಂದುಬಿಡುತ್ತಾರೆ. ಕೊನೆಗೆ ನಾಳೆ ಬೆಳಗ್ಗೆ ಮಾಡಬಹುದಾದ ಒಂದು ಕೆಲಸ ಹೇಳಬೇಕು: ಗಡಿಯಾರ ಮುಂದಿಟ್ಟುಕೊಂಡು ಹಳೇ ಪ್ರಶ್ನೆಪತ್ರಿಕೆ ಒಂದನ್ನು ಪೂರ್ತಿ ಬರೆಯಿರಿ, ಅಂತ. ‘ಆಕಾಶಕ್ಕೆ ಏಣಿ ಹಾಕಿ’ ಅಂದರೆ ಯಾವ ಅಂಗಡಿಯಲ್ಲಿ ತರುವುದು?

ಹೀಗೆ ಮಾತಾಡುವವರೂ ಅಪರೂಪಕ್ಕೆ ಬರುತ್ತಾರೆ. ಹದಿನೈದು ನಿಮಿಷಕ್ಕೆ ಕೂರುತ್ತಾರೆ. ಹಿಂದಿನ ಸಾಲಿನ ಹುಡುಗರು ಮೊಬೈಲ್ ಜೇಬಿಗಿಟ್ಟು ಕೇಳಿರುತ್ತಾರೆ. ಆಮೇಲೆ ಅಧ್ಯಕ್ಷರು ಎದ್ದು, ಸಮಯದ ಅಭಾವದಿಂದ ಎರಡೇ ಮಾತು ಅಂತ ಪೀಠಿಕೆ ಹಾಕಿ, ಪೇಟ ಸರಿ ಮಾಡಿಕೊಳ್ಳುತ್ತಾರೆ: “ನಮ್ ಭಾಷಣಕಾರ್ರು ಚೆನ್ನಾಗೇ ಮಾತಾಡುದ್ರು. ಆದ್ರೆ ಹದ್ದಿನ್ ಕತೆ ಒಂದ್ ಬಿಟ್ಬುಟ್ರು. ಅದ್ನ ನಾನ್ ಯೋಳ್ತೀನಿ.”