ಕೋಗಿಲೆಗೆ ಉತ್ತರ ಕೊಡುವವರು

ಕೋಗಿಲೆಯನ್ನು ಹೊಗಳಿದ ಕವಿಗಳು ಯಾರೂ ವೈಶಾಖದ ಸೆಕೆಗೆ ಕಿಟಕಿ ತೆರೆದಿಟ್ಟು ಮಲಗಿದವರಲ್ಲ ಎಂಬುದು ನನ್ನ ಬಲವಾದ ಗುಮಾನಿ. ಮಲಗಿದ್ದರೆ, ನಸುಕಿನ ನಾಲ್ಕೂವರೆಗೆ ಆ ‘ಇಂಪಾದ’ ದನಿ ಮೆಟ್ಟಿಲು ಮೆಟ್ಟಿಲಾಗಿ ಏರಿ, ಇನ್ನೇನು ಗಂಟಲು ಹರಿಯಿತು ಎನ್ನುವಲ್ಲಿ ಥಟ್ಟನೆ ನಿಂತು, ನಮಗೆ ಮತ್ತೆ ಜೋಂಪು ಹತ್ತುವ ಹೊತ್ತಿಗೆ ಸರಿಯಾಗಿ ಕೆಳಗಿನಿಂದ ಶುರುವಾಗುವುದನ್ನು ಕೇಳಿ, ಮಾವಿನ ಚಿಗುರನ್ನು ಬಿಟ್ಟು ಕವಣೆಕಲ್ಲಿನ ಮೇಲೆ ಪದ್ಯ ಕಟ್ಟುತ್ತಿದ್ದರು.

ಹಾಗೆಂದು ಹಕ್ಕಿಯ ಮೇಲೆ ನನ್ನ ದೂರಿಲ್ಲ. ಕೂಗುವುದು ಗಂಡು, ಹೆಣ್ಣನ್ನು ಕರೆಯಬೇಕು, ತನ್ನ ಸರಹದ್ದು ಸಾರಬೇಕು. ನಸುಕಿನಲ್ಲಿ ಗಾಳಿ ಅಲುಗುವುದಿಲ್ಲ, ವಾಹನಗಳ ಗದ್ದಲವಿಲ್ಲ, ದನಿ ದೂರ ಹೋಗುತ್ತದೆ. ಮೊಟ್ಟೆ ಹೇಗೂ ಕಾಗೆಯ ಗೂಡಿಗೆ ಸೇರುವುದರಿಂದ ಮನೆ ಕಟ್ಟುವ ತಾಪತ್ರಯವಿಲ್ಲ, ಕೂಗಲು ಬೇಕಾದಷ್ಟು ಬಿಡುವಿದೆ. ನನ್ನ ದೂರು ಅದಕ್ಕೆ ಉತ್ತರ ಕೊಡುವವರ ಮೇಲೆ.

ನಮ್ಮ ಮೇಲಿನ ಮನೆಯ ಯಜಮಾನರು ನಿವೃತ್ತರಾದ ಮೇಲೆ ಪಕ್ಷಿವೀಕ್ಷಣೆಗೆ ಬಿದ್ದಿದ್ದಾರೆ. ಮೊದಲು ಬೈನಾಕ್ಯುಲರ್ ಬಂತು, ಆಮೇಲೆ ದನಿ ಕೇಳಿ ಹಕ್ಕಿಯ ಹೆಸರು ಹೇಳುವ ಆ್ಯಪ್ ಬಂತು. ಮೆಟ್ಟಿಲಿನಲ್ಲಿ ಎದುರಾದರೆ ನಮಸ್ಕಾರವಿಲ್ಲ, ತುಟಿಯ ಮೇಲೆ ಬೆರಳಿಟ್ಟು ‘ಶ್!’ ಎನ್ನುತ್ತಾರೆ. ಎರಡೂ ಕೈಯಲ್ಲಿ ಚೀಲ ಹಿಡಿದು, ಒಂದು ಕಾಲು ಮೇಲಿಟ್ಟು ನಾವು ಕಲ್ಲಾಗಬೇಕು. ‘ಸೂರಕ್ಕಿ ಜೇಡರ ಬಲೆಯ ನೂಲು ಒಯ್ಯುತ್ತಿದೆ ನೋಡಿ, ಗೂಡು ಹೆಣೆಯಲು!’ ಹಕ್ಕಿ ಹಾರಿಹೋದ ಮೇಲೂ ಬೆರಳು ತುಟಿಯಿಂದ ಇಳಿಯುವುದಿಲ್ಲ.

ಅದನ್ನೂ ಸಹಿಸಬಹುದಿತ್ತು. ಈ ವೈಶಾಖದಲ್ಲಿ ಅವರಿಗೆ ಕೋಗಿಲೆಯನ್ನು ಅಣಕಿಸುವ ವಿದ್ಯೆ ಸಿದ್ಧಿಸಿತು. ಹಕ್ಕಿ ‘ಕುಹೂ’ ಎಂದರೆ ಮೇಲಿನಿಂದ ‘ಕುಹೂ’. ಇನ್ನೊಂದು ಗಂಡು ತನ್ನ ಸರಹದ್ದಿಗೆ ನುಗ್ಗಿದೆ ಎಂದು ತಿಳಿದ ಕೋಗಿಲೆ ಸ್ವರ ಏರಿಸುತ್ತದೆ. ಇವರೂ ಬಿಡುವುದಿಲ್ಲ. ಹಕ್ಕಿಗಾದರೂ ಆಗಾಗ ಉಸಿರು ತೆಗೆದುಕೊಳ್ಳುವ ವಿವೇಕವಿದೆ. ‘ನನ್ನನ್ನು ಗಂಡು ಕೋಗಿಲೆಯೆಂದೇ ಒಪ್ಪಿಕೊಂಡುಬಿಟ್ಟಿದೆ’ ಎಂದು ಅವರು ಎದೆಯುಬ್ಬಿಸಿದಾಗ ಅವರ ಮನೆಯವರು ಒಳಗಿನಿಂದಲೇ ಹೇಳಿದರು: ‘ಒಪ್ಪಿಕೊಳ್ಳದೆ ಏನು, ಇವರೂ ಗೂಡಿನ ಕೆಲಸಕ್ಕೆ ಒಂದು ದಿನ ಕೈ ಹಚ್ಚಿದವರಲ್ಲ.’

ಕಳೆದ ವಾರ ಸ್ಪರ್ಧೆ ತಾರಸಿಗೇರಿತು. ನಿದ್ದೆಗೆಟ್ಟ ನಾನು ಜಗಳವಾಡಲೆಂದೇ ಮೇಲೆ ಹೋದೆ. ಎದುರಾಳಿಯನ್ನು ಹುಡುಕುತ್ತಾ ಕೋಗಿಲೆ ಹತ್ತಿರದ ಕೊಂಬೆಗೇ ಬಂದು ಕುಳಿತಿತ್ತು. ಕೆಂಪು ಕಣ್ಣು ಅರಳಿಸಿ, ಬನಿಯನ್ ತೊಟ್ಟ ಆ ಎದುರಾಳಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿತು. ಅಷ್ಟರಲ್ಲಿ ಅದೇ ಮರದಲ್ಲಿ ಗೂಡು ಕಟ್ಟಿದ್ದ ಕಾಗೆಗಳು ಅದನ್ನು ಕಂಡು ಎರಗಿದವು, ಅದು ನುಣುಚಿಕೊಂಡಿತು. ಅಲ್ಲಿಗೆ ಸುಮ್ಮನಾಗಬಹುದಿತ್ತಲ್ಲ? ಗೆದ್ದ ಆವೇಶದಲ್ಲಿ ಯಜಮಾನರು ಇನ್ನೊಂದು ‘ಕುಹೂ’ ಹಾಕಿದರು. ಕಾಗೆಗಳಿಗೆ ಅಷ್ಟು ಸಾಕ್ಷ್ಯ ಸಾಕಾಯಿತು. ಬೋಳುತಲೆಯ ನಟ್ಟನಡುವೆ ಟಪ್ಪನೆ ಒಂದು ಕುಕ್ಕು ಬಿತ್ತು.

ನೆತ್ತಿಗೆ ಮುಲಾಮು ಹಚ್ಚಿಕೊಳ್ಳುತ್ತಲೇ ಅವರು ಪಾಠ ಹೇಳಿದರು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್ಲಫ್ ಮತ್ತು ಸಂಗಡಿಗರು 2006ರಲ್ಲಿ ಗುಹಾಮಾನವನ ಮುಖವಾಡ ತೊಟ್ಟು 7 ಕಾಗೆಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ ಬಿಟ್ಟರಂತೆ. ವರ್ಷಗಳ ನಂತರವೂ ಆ ಮುಖವಾಡ ಕಂಡರೆ ಕಾಗೆಗಳು ಬೈದು ಗದ್ದಲವೆಬ್ಬಿಸುತ್ತಿದ್ದವು. ಎಂದೂ ಬಲೆಗೆ ಬೀಳದವೂ ದನಿಗೂಡಿಸುತ್ತಿದ್ದವು. ಅಂದರೆ ನಮ್ಮ ಬೀದಿಯ ಕಾಗೆಗಳ ಬಳಗಕ್ಕೆಲ್ಲ ಇವರ ಮುಖ ಪರಿಚಯವಾಗಿರುವ ಸಂಭವವಿದೆ. ಕೇಳಿ ನನಗೆ ಒಳಗೊಳಗೇ ಹಿಗ್ಗಾಯಿತು. ಮರುದಿನ ನಾನು ಗೇಟು ದಾಟುವಾಗ ಕಾಗೆಯೊಂದು ಕಿವಿಯ ಪಕ್ಕದಲ್ಲೇ ಸುಂಯ್ ಎಂದು ಹಾದಾಗ ಹಿಗ್ಗು ಇಳಿಯಿತು. ಪಕ್ಕದಲ್ಲಿ ನಿಂತಿದ್ದೇ ಅಪರಾಧವೆಂದರೆ ಹೇಗೆ! ಈಗ ಇಬ್ಬರೂ ಕೊಡೆ ಹಿಡಿದು ಓಡಾಡುತ್ತೇವೆ. ಕೇಳಿದವರಿಗೆ ಬಿಸಿಲು ಎನ್ನುತ್ತೇವೆ.

ಚಿಕ್ಕವರಿದ್ದಾಗ ನಾವೂ ಮರದಡಿ ಗುಂಪುಗೂಡಿ ಕೋಗಿಲೆಯನ್ನು ಅಣಕಿಸಿದವರೇ. ‘ಸಾಕು ಬಿಡ್ರೋ, ಪಾಪ, ಅದರ ಗಂಟಲು ಕಟ್ಟುತ್ತದೆ’ ಎಂದು ಅಜ್ಜಿ ಗದರುತ್ತಿದ್ದರು. ಕಟ್ಟುತ್ತಿದ್ದುದು ನಮ್ಮ ಗಂಟಲು. ಆ ಗುಂಪಿನವರು ಈಗ ಮದುವೆ ಮುಂಜಿಯಲ್ಲಿ ಸಿಕ್ಕರೆ ಮಂಡಿನೋವಿನ ಮಾತಾಡುತ್ತಾರೆ. ‘ಕುಹೂ’ ಎಂದರೆ ಯಾರಾದರೂ ಉತ್ತರ ಕೊಟ್ಟಾರೇ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಕೂಗಿ ನೋಡುವ ಧೈರ್ಯವಿಲ್ಲ.

ಮರಿ ಮಾಡುವ ಕಾಲ ಮುಗಿದರೆ ಕೋಗಿಲೆ ತಾನಾಗಿ ಸುಮ್ಮನಾಗುತ್ತದೆ, ಮಳೆ ಬಲಿಯಲಿ ಎಂದು ಕಾಯುತ್ತಿದ್ದೆ. ನಿನ್ನೆ ಯಜಮಾನರು ಕೊಡೆ ಮಡಚುತ್ತಾ ಮೆಟ್ಟಿಲಿನಲ್ಲಿ ನನ್ನನ್ನು ತಡೆದರು. ‘ಕಪ್ಪೆಗಳಲ್ಲೂ ಕೂಗುವುದು ಗಂಡೇ, ಗೊತ್ತೇ? ಒಂದೊಂದು ಜಾತಿಗೆ ಒಂದೊಂದು ದನಿ. ರಾತ್ರಿಯಿಡೀ ಕೂಗುತ್ತವೆ. ಈಗಿನಿಂದಲೇ ಅಭ್ಯಾಸ ಮಾಡುತ್ತಿದ್ದೇನೆ.’