ಸ್ಪಷ್ಟನೆ: ಹರಾಜಿನ ಬೈಕಿಗೆ ರಸೀದಿಯೊಂದೇ ಸಾಲದು

‘ಪೊಲೀಸ್ ಠಾಣೆಯ ಹರಾಜಿನಲ್ಲಿ ಬೈಕ್ ಕೊಂಡರೆ ರಸೀದಿಯೇ ದಾಖಲೆ, ಆರ್‌ಟಿಒಗೆ ಹೋಗಬೇಕಿಲ್ಲ, ವಿಮೆಯೂ ಬೇಡ’ ಎಂಬ ವಾಟ್ಸ್ಆ್ಯಪ್ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 57ನೇ ನಿಯಮದಂತೆ, ಸರ್ಕಾರಿ ಹರಾಜಿನಲ್ಲಿ ವಾಹನ ಕೊಂಡವರು ಅದು ಕೈಸೇರಿದ 30 ದಿನಗಳೊಳಗೆ ಮಾಲೀಕತ್ವ ವರ್ಗಾವಣೆಗಾಗಿ ನಮೂನೆ 32ರಲ್ಲಿ ನೋಂದಣಿ ಪ್ರಾಧಿಕಾರಕ್ಕೆ, ಅಂದರೆ ಆರ್‌ಟಿಒಗೆ, ಅರ್ಜಿ ಹಾಕಬೇಕು. ಹರಾಜು ನಡೆಸಿದ ಅಧಿಕಾರಿ ಸಹಿ ಮಾಡಿದ ಮಾರಾಟ ದೃಢೀಕರಣ, ಹರಾಜಿಗೆ ಅನುಮತಿ ಕೊಟ್ಟ ಆದೇಶದ ದೃಢೀಕೃತ ಪ್ರತಿ, ಶುಲ್ಕ ಜೊತೆಗಿರಬೇಕು. ಆ ಆದೇಶದ ಪ್ರತಿಯನ್ನು ಹರಾಜಿನ ದಿನವೇ ಕೇಳಿಟ್ಟುಕೊಳ್ಳುವುದು ಜಾಣತನ. ಆಮೇಲೆ ಅಲೆದಾಟ ತಪ್ಪುತ್ತದೆ.

ವಿಮೆಯ ಮಾತಂತೂ ಅಪಾಯಕಾರಿ. ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ಮೂರನೇ ವ್ಯಕ್ತಿ ವಿಮೆ (ನಮ್ಮ ವಾಹನದಿಂದ ಇತರರಿಗಾಗುವ ಹಾನಿಗೆ ಪರಿಹಾರ ಕೊಡುವ ವಿಮೆ) ಇಲ್ಲದೆ ವಾಹನವನ್ನು ರಸ್ತೆಗೆ ಇಳಿಸುವಂತಿಲ್ಲ. ಹರಾಜಿನಲ್ಲಿ ಕೊಂಡದ್ದು ಎಂಬ ವಿನಾಯಿತಿ ಅಲ್ಲಿಲ್ಲ.

ಇನ್ನೊಂದು ಗಮನಿಸಿ: ಓಡಿಸಲು ಅಲ್ಲ, ಗುಜರಿಯೆಂದೇ ಮಾರುವ ವಾಹನಗಳೂ ಹರಾಜಿನಲ್ಲಿ ಇರುತ್ತವೆ. ಅಗ್ಗವೆಂದು ಕೂಗುವ ಮೊದಲು ಹರಾಜು ಪ್ರಕಟಣೆಯ ಷರತ್ತುಗಳನ್ನು ಪೂರ್ತಿ ಓದಿ. ಸಾಲ ಕಟ್ಟದ್ದಕ್ಕೆ ಬ್ಯಾಂಕುಗಳು ವಶಪಡಿಸಿಕೊಂಡು ಮಾರುವ ವಾಹನಗಳ ಕ್ರಮ ಬೇರೆ. ಅದಕ್ಕೆ ನಮೂನೆ 32 ಅನ್ವಯಿಸದು.

ಆ ಸಂದೇಶ ನಿಮ್ಮ ಗುಂಪಿಗೆ ಬಂದರೆ ದಯವಿಟ್ಟು ಮುಂದೆ ಕಳುಹಿಸಬೇಡಿ.